ಆಮ್ರಪಾಲಿಯ ಪಗಾರ

ನಮ್ಮ ಕಡೆ ಯಾರೂ ತಮ್ಮ ಗಳಿಕೆಯನ್ನು ಇದ್ದಷ್ಟು ಹೇಳುವುದಿಲ್ಲ. ಬಿಜ್ಜರಗಿಯ ಬಸಗೊಂಡಪ್ಪನವರನ್ನು ಕೇಳಿ ನೋಡಿ. ದ್ರಾಕ್ಷಿ ಪಡದ ತುಂಬ ಗೊನೆ ಜೋತಾಡುವ ವರ್ಷವೂ "ಏನ್ ಪೀಕರಿ, ಔಷಧಿ ಖರ್ಚೂ ಹೊಂಡಲಿಲ್ಲ" ಎನ್ನುತ್ತಾರೆ; ಸ್ವಲ್ಪ ದಿನದಲ್ಲಿ ಮನೆ ಮುಂದೆ ಹೊಸ ಟ್ರ್ಯಾಕ್ಟರ್ ಬಂದು ನಿಂತಿರುತ್ತದೆ. ನಾನು ಕಲಿಸುವ ಬಬಲೇಶ್ವರದ ಸರಕಾರಿ ಸಾಲೆಯಲ್ಲಿ ಒಂದೇ ಪಗಾರದ ಇಬ್ಬರು ಟೀಚರುಗಳು ಒಬ್ಬರಿಗೊಬ್ಬರು ಕಡಿಮೆ ಹೇಳಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ. ದೃಷ್ಟಿಯಾದೀತು, ಬೀಗರು ಕೈಗಡ ಕೇಳಿಯಾರು ಎಂಬ ಅಂಜಿಕೆ. ಕೇಳುವವರೂ ಕಡಿಮೆ ಜಾಣರಲ್ಲ. ಹೇಳಿದ ಅಂಕಿಗೆ ತಾವೇ ಮನಸ್ಸಿನಲ್ಲಿ ಒಂದಿಷ್ಟು ಕೂಡಿಸಿಕೊಂಡು ತಲೆಯಾಡಿಸುತ್ತಾರೆ. ನಮ್ಮದು ಬುದ್ಧನ ದಾರಿ ಹಿಡಿದ ಮನೆ. ದೃಷ್ಟಿ ತೆಗೆಯುವುದು, ಬಾಗಿಲಿಗೆ ಲಿಂಬೆಕಾಯಿ ಕಟ್ಟುವುದು ನಮ್ಮ ಮಾವನವರ ಕಾಲಕ್ಕೇ ನಿಂತುಹೋಯಿತು. ಈ ಕೂಡಿಸುವ ಚಟ ಮಾತ್ರ ನಿಂತಿಲ್ಲ.

ನನ್ನ ಮಗಳು ಆಮ್ರಪಾಲಿ ವಿಮಾನ ಹಾರಿಸುತ್ತಾಳೆ. ಜನ ಕೂಡುವ ವಿಮಾನವಲ್ಲ, ಮಾಲು ಸಾಗಿಸುವುದು. ಎಡಗಡೆ ಸೀಟಿನಲ್ಲಿ ಕ್ಯಾಪ್ಟನ್, ಬಲಗಡೆ ಇವಳು. ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷ ತುಂಬಿಲ್ಲ. ನಮ್ಮ ಮನೆಯವರು, ಧರ್ಮರಾಜ, ವಿಜಯಪುರದಿಂದ ತಾಸಗಾಂವದ ಮಾರುಕಟ್ಟೆಗೆ ಒಣದ್ರಾಕ್ಷಿ ಒಯ್ಯುವ ಟೆಂಪೊ ಓಡಿಸುತ್ತಾರೆ. "ನಾನೂ ಮಾಲು ಹೊರಾಂವ, ನನ್ನ ಮಗಳೂ ಮಾಲು ಹೊರಾಕಿ" ಎಂದು ಗಾಂಧಿ ಚೌಕದ ಚಹಾದಂಗಡಿಯಲ್ಲಿ ಅವರು ಹೇಳದ ದಿನವಿಲ್ಲ. ಅವಳನ್ನು ಕರೆಯುವುದೂ ಕ್ಯಾಪ್ಟನ್ ಎಂದೇ. ಅವಳು ಇನ್ನೂ ಕ್ಯಾಪ್ಟನ್ ಆಗಿಲ್ಲರಿ ಎಂದರೆ ಅವರ ಕಿವಿಗೆ ಬೀಳುವುದಿಲ್ಲ.

ಪಗಾರ ಶುರುವಾದಾಗ ಅವಳು ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ತರಬೇತಿಯ ತಿಂಗಳುಗಳಲ್ಲಿ ಬರೀ ಊಟ, ಬಾಡಿಗೆಗಾಗುವಷ್ಟು. ಆಮೇಲೆ ಹಾರಾಟ ಸರಿಯಾಗಿದ್ದರೆ ಕೈಗೆ ಒಂದೂವರೆ ಲಕ್ಷದ ಆಚೀಚೆ. ಒಂದೂವರೆ ಲಕ್ಷ ಸಣ್ಣ ಮಾತಲ್ಲ, ನನಗೂ ಗೊತ್ತು. ಆದರೆ ಅರ್ಧಕ್ಕಿಂತ ಹೆಚ್ಚು ಓದಿನ ಸಾಲದ ಕಂತಿಗೇ ಹೋಗುತ್ತದೆ. ಅಪ್ಪ ಎಲ್ಲ ಕೇಳಿಸಿಕೊಂಡು, ಫೋನಿಟ್ಟು, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. "ಹುಡಗಿ ಶಾಣ್ಯಾ ಆಗ್ಯಾಳ. ಕಡಿಮಿ ಹೇಳೂದ ಕಲತಾಳ."

ಆಮೇಲೆ ತಮ್ಮದೇ ಲೆಕ್ಕ ಹಾಕಿದರು. "ನನ್ನ ಟೆಂಪೊದಂಥಾವು ಹತ್ತು ತುಂಬೂವಷ್ಟು ಮಾಲು ಆ ವಿಮಾನದಾಗ ಹಿಡೀತೈತಿ. ಬಾಡಿಗಿ ಕೆಜಿ ಮ್ಯಾಲ. ಅಂದ ಮ್ಯಾಲ ಓಡಸಾಕಿಗೆ ಎಷ್ಟ ಬರಬೇಕು, ನೀನ ಹೇಳು!" ವಿಮಾನ ಟೆಂಪೊ ಅಲ್ಲರಿ, ಬಾಡಿಗೆಯಲ್ಲಿ ಓಡಿಸುವವರಿಗೆ ಪಾಲಿರುವುದಿಲ್ಲ ಎಂದು ನಾನು ಎಷ್ಟು ಸಲ ಹೇಳಿದೆನೋ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಸುಮ್ಮನಿರುತ್ತಿತ್ತು. ಇವರು ನಗುತ್ತಿದ್ದರು.

ಮೊನ್ನೆ ಶನಿವಾರ ಆಮ್ರಪಾಲಿ ಹೈದರಾಬಾದಿನಿಂದ ರಜೆಗೆ ಬಂದಳು. ಸೊರಗಿದ್ದಳು. ಕಿವಿ ಬೋಳಾಗಿದ್ದವು; ನೌಕರಿ ಸಿಕ್ಕಾಗ ನಾನು ಕೊಡಿಸಿದ ಬಂಗಾರದ ಬೆಂಡೋಲೆ ಇರಲಿಲ್ಲ. ಕೇಳಿದರೆ "ಡ್ಯೂಟಿ ಮ್ಯಾಲ ಬ್ಯಾಡಂತಾರ, ಖೋಲ್ಯಾಗ ಇಟ್ಟೇನಿ" ಎಂದಳು. ಇರಬಹುದು ಅಂದುಕೊಂಡೆ.

ಊಟಕ್ಕೆ ಕೂತಾಗ ಇವರು ದೊಡ್ಡ ಖುಷಿಯ ಸುದ್ದಿಯೆಂಬಂತೆ ಹೇಳಿದರು: "ನಿಮ್ಮ ದೊಡ್ಡಪ್ಪ ಬಿಜ್ಜರಗಿ ಹೊಲಾ ಕೊಡಾಕತ್ತಾನ. ಸೋಮವಾರ ಟಿಕೋಟಾದಾಗ ಬಸಗೊಂಡಪ್ಪಗೌಡ್ರ ಕೂಡ ಕರಾರು. ಆ ರೊಕ್ಕದಾಗ ಅವನ ಮಗ ಕುನಾಲನೂ ಪೈಲಟ್ ಆಕ್ಕಾನ!"

ಆಮ್ರಪಾಲಿ ಕೈಯಲ್ಲಿದ್ದ ರೊಟ್ಟಿ ತಾಟಿಗಿಟ್ಟಳು. "ಅಪ್ಪಾ, ದೊಡ್ಡಪ್ಪಗ ನನ್ನ ಪಗಾರ ಎಷ್ಟಂತ ಹೇಳೀ?"

"ನಾ ಕಡಿಮಿನ ಹೇಳೇನಿ. ಐದ ಲಕ್ಷ ಅಂದೇನಿ."

"ಕಡಿಮಿ?"

"ಮತ್ತ? ಮೊಬೈಲದಾಗ ಒಬ್ಬಾಂವ ಎಂಟ ಅಂತ ಹೇಳ್ಯಾನ."

ಆ ಹೊಲ ಎಂಥದೆಂದು ಇವರಿಗೆ ಗೊತ್ತಿಲ್ಲವೆ? ಭಾವ ಭಾಗಪ್ಪನವರು ಪುಣೆ, ಗೋವಾ ಎಂದು ಗೌಂಡಿ ಕೆಲಸ ಮಾಡಿ, ಹೊಟ್ಟೆ ಬಟ್ಟೆ ಕಟ್ಟಿ ಕೊಂಡ ಎರಡು ಎಕರೆ. ಅಲ್ಲಿಯತನಕ ನಮ್ಮ ಮನೆತನದಲ್ಲಿ ಯಾರ ಹೆಸರೂ ಹೊಲದ ಉತಾರದಲ್ಲಿ, ಪಹಣಿಯಲ್ಲಿ, ಬಂದಿರಲಿಲ್ಲ. ಎಲ್ಲರೂ ಮಂದಿಯ ಹೊಲದಲ್ಲಿ ದುಡಿದವರೇ. ಅದನ್ನು ಮಾರಿದರೂ ಹಾರಾಟದ ಸಾಲೆಯ ಫೀ ಪೂರ್ತಿ ಆಗುವುದಿಲ್ಲ, ಮೇಲೆ ಸಾಲ ಬೇಕು. ಆ ಸಾಲ ತೀರಿಸುವುದು ಯಾವ ಐದು ಲಕ್ಷದಲ್ಲಿ?

"ನಾಳೆ ಬಿಜ್ಜರಗಿಗೆ ಹೋಗೂಣು" ಎಂದಳು ಮಗಳು. "ನಾನ ಹೇಳ್ತೇನಿ."

ಭಾನುವಾರ ಮುಂಜಾನೆ ಇವರ ಟೆಂಪೊದಲ್ಲೇ ಹೊರಟೆವು. ಅಥಣಿ ರಸ್ತೆಯಲ್ಲಿ ಟಿಕೋಟಾ ದಾಟುವವರೆಗೂ ಇವರು ಮಾತಾಡಿದ್ದೇ ಮಾತಾಡಿದ್ದು. ಮಗಳು ಕಿಟಕಿಯಾಚೆ ನೋಡುತ್ತಿದ್ದಳು.

"ಜೈಭೀಮ್, ಬರ್ರಿ ಬರ್ರಿ" ಎಂದು ಭಾವನವರು ಕಟ್ಟೆಯಿಂದಲೇ ಎದ್ದು ಬಂದರು. ಅವರ ಹೆಂಡತಿ ರುಕ್ಮವ್ವಕ್ಕ ಚಾಪೆ ಹಾಸಿ ಚಹಾಕ್ಕಿಟ್ಟಳು. ಅವರ ಮಗ ಕುನಾಲ, ಈ ಸಲ ಪಿಯುಸಿ ಮುಗಿಸಿದವನು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಕ್ಕನ ಎದುರಿಗೇ ಕೂತ. ಅವನ ಮುಖ ನೋಡಿದರೆ ನನಗೆ ವಾಪಸು ಹೋಗಿಬಿಡೋಣ ಅನ್ನಿಸಿತು.

ಆಮ್ರಪಾಲಿ ಸುತ್ತಿ ಬಳಸಿ ಹೇಳಲಿಲ್ಲ. "ದೊಡ್ಡಪ್ಪಾ, ಹೊಲಾ ಮಾರಬ್ಯಾಡ್ರಿ. ಲೈಸೆನ್ಸ್ ಬಂದ ಮ್ಯಾಲ ಒಂದೂವರಿ ವರ್ಷ ನಾ ಕೆಲಸಿಲ್ಲದ ಕುಂತಿದ್ದೆ. ಆ ಮ್ಯಾಲ ಈ ಕಂಪನಿ ವಿಮಾನ ಓಡಸೂದ ಕಲೀಲಿಕ್ಕೆ ಮತ್ತ ರೊಕ್ಕ ತುಂಬಬೇಕಾತು. ಈಗ ಬರೂ ಪಗಾರೂ ಹಾರಿದ ತಾಸಿನ ಲೆಕ್ಕ. ಐದ ಲಕ್ಷ ತಗೊಳ್ಳೋರು ಅದಾರ, ಇಲ್ಲನ್ನಂಗಿಲ್ಲ. ಅವರು ಎಡಗಡಿ ಸೀಟಿನ್ಯಾಗ ಕುಂಡ್ರೋರು. ಅಲ್ಲಿಗೆ ಹೋಗಾಕ ವರ್ಷಗಟ್ಟಲೆ ಬೇಕು. ನನಗ ಬರೂದು ಅದರ ಮೂರನೇ ಒಂದ ಪಾಲೂ ಅಲ್ಲ."

ಭಾವನವರು ಗಂಭೀರವಾಗಿ ಕೇಳಿದರು. ಕೇಳಿ, ಮೀಸೆಯೊಳಗೆ ನಕ್ಕರು. "ಬರೋಬರಿ ಐತಿ ಯವ್ವಾ. ಹಿಂಗ ಹೇಳಬೇಕು. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ."

"ದೊಡ್ಡಪ್ಪಾ, ಖರೇನ ಹೇಳಾಕತ್ತೇನಿ."

"ಮಂದಿ ಮುಂದ ಹೇಳು. ಮನ್ಯಾನವರ ಮುಂದ ಯಾಕ ಮುಚ್ಚೂಮರಿ?"

ಅವಳು ಮತ್ತೊಮ್ಮೆ ಹೇಳಿದಳು. ಕಂತು ಎಷ್ಟು, ಖೋಲಿಯ ಬಾಡಿಗೆ ಎಷ್ಟು, ಉಳಿಯುವುದೆಷ್ಟು. ಭಾವನವರ ನಗು ಹೋಯಿತು, ಆದರೆ ನಂಬಿಕೆ ಬರಲಿಲ್ಲ. ಬಂದದ್ದು ಬೇರೆ.

"ತಿಳೀತು ಬಿಡು. ನಿಮ್ಮ ಹುಡಗಿ ಹಾರಬೇಕು, ನನ್ನ ಹುಡಗ ಗೌಂಡಿ ಆಗಬೇಕು. ಹೌದಿಲ್ಲೊ? ಪಗಾರ ಬರಲಾರದ, ಅಥಣಿ ರಸ್ತೆದಾಗ ನಿಮ್ಮ ಎರಡಂತಸ್ತಿನ ಮನಿ ಪುಕ್ಕಟ ಎದ್ದತೇನು?"

ನಾನು ಇವರ ಮುಖ ನೋಡಿದೆ. ಈಗಲಾದರೂ ಹೇಳುತ್ತಾರೆ ಎಂದು ಕಾದೆ. ಇವರು ಚಾಪೆಯ ಎಳೆ ಕೀಳುತ್ತ ಕೂತಿದ್ದರು.

"ಭಾವಾರ, ಆ ಮನಿ ನಾ ಕಟ್ಟಿಸೀನಿ" ಎಂದೆ. "ಇಕಿ ನೌಕರಿ ಸೇರೂಕಿಂತ ಮೊದಲ ಕಟ್ಟಿಸೀನಿ. ಇಕಿ ಓದಿನ ಸಾಲಕ್ಕ ಅದನ್ನ ಬ್ಯಾಂಕಿನ್ಯಾಗ ಒತ್ತಿ ಇಟ್ಟೇನಿ."

"ಇರ್ಲಿ ಬಿಡವಾ ಮಾಲಾ" ಎಂದರು ಭಾವ, ಸಮಾಧಾನ ಮಾಡುವವರಂತೆ. "ಸಾಲಿ ಟೀಚರ ಪಗಾರದಾಗ ಮನಿ ಏಳ್ತಾವೇನು?"

ಮದುವೆಯಾದ ವರ್ಷದಿಂದ ಬಬಲೇಶ್ವರದ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ನಿಂತುಕೊಂಡು ಬಂದಿದ್ದೇನೆ. ಹೊಸ ಸೀರೆ ಬೇಡ, ಹಬ್ಬಕ್ಕೆ ಬಂಗಾರ ಬೇಡ ಎಂದು ಒಂದೊಂದೇ ಇಟ್ಟಂಗಿ ಇಟ್ಟಿದ್ದೇನೆ. ಊರಿಗೆ ಊರೇ ಎಲ್ಲರ ಪಗಾರಕ್ಕೂ ಕೂಡಿಸುತ್ತದೆ. ನನ್ನ ಪಗಾರದಿಂದ ಮಾತ್ರ ಕಳೆಯುತ್ತದೆ. ಇವರಿಗೂ ಬಾಯಿ ಬರಲಿಲ್ಲವಲ್ಲ! ಬಾಯಿಗೆ ಬಂದದ್ದನ್ನು ಅಂದೇಬಿಡುತ್ತಿದ್ದೆ. ಅಷ್ಟರಲ್ಲಿ ಆಮ್ರಪಾಲಿ ನನ್ನ ಮೊಣಕೈ ಹಿಡಿದಳು.

"ದೊಡ್ಡಪ್ಪಾ, ನನಗ ಸ್ವಲ್ಪ ರೊಕ್ಕ ಬೇಕಾಗಿತ್ತು."

ಭಾವನವರು ಚಹಾದ ಬಟ್ಟಲು ಕೆಳಗಿಟ್ಟರು. ಅವಳು ಮುಂದುವರಿಸಿದಳು:

"ಕಂಪನಿದು ಎರಡ ವಿಮಾನ ಕೆಟ್ಟ ನಿಂತಾವು. ಸಾಮಾನ ಬಂದಿಲ್ಲ. ನಮಗ ಹಾರಾಟ ಇಲ್ಲ, ಮೂರ ತಿಂಗಳಾತು, ಪಗಾರ ಅರ್ಧಕ್ಕ ಇಳದೈತಿ. ಹ್ವಾದ ತಿಂಗಳ ಕಂತು ತುಂಬಾಕ ಆಗಲಿಲ್ಲ. ಈ ತಿಂಗಳದೂ ತಪ್ಪಿದ್ರ ಅವ್ವನ ಮನಿಗೆ ನೋಟಿಸು ಬರ್ತೈತಿ. ನಿಮ್ಮ ಕಡೆ ಎಷ್ಟ ಇದ್ರ ಅಷ್ಟ ಕೊಡ್ರಿ. ಹಾರಾಟ ಶುರು ಆದ ಕೂಡಲೇ ತಿರುಗಿ ಕೊಡ್ತೇನಿ."

ಎಂಥ ಜಾಣೆ ಎಂದುಕೊಂಡೆ. ನಮ್ಮಲ್ಲಿ ಕಡಿಮೆ ಹೇಳುವುದು ಎಲ್ಲರಿಗೂ ಬರುತ್ತದೆ, ಆದರೆ ಇದ್ದವರು ಯಾರೂ ಕೈಯೊಡ್ಡುವುದಿಲ್ಲ. ದೊಡ್ಡಪ್ಪ ನಂಬಲಿ ಎಂದು ನಾಟಕ ಹೂಡಿದ್ದಾಳೆ, ಒಳ್ಳೆಯ ನಾಟಕ. ಹೆಮ್ಮೆಯಿಂದ ಅವಳ ಮುಖ ನೋಡಿದೆ. ಅವಳು ಯಾರ ಕಡೆಗೂ ನೋಡುತ್ತಿರಲಿಲ್ಲ. ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರಿತ್ತು. ಆ ಬೋಳು ಕಿವಿ.

ನಾಟಕವಲ್ಲ. ಬೆಂಡೋಲೆ ಖೋಲಿಯಲ್ಲಿಲ್ಲ. ಫೋನ್ ಮಾಡಿದಾಗಲೆಲ್ಲ "ನಡದೈತಿ ಬೇ ಅವ್ವಾ" ಎನ್ನುತ್ತಿದ್ದಳು. ಆ ಮಾತಿಗೆ ನಾನೂ ಕೂಡಿಸಿಕೊಂಡಿದ್ದೆ. ನಡೆದಿದೆ ಅಂದರೆ ಚೆನ್ನಾಗಿ ನಡೆದಿದೆ, ಉಂಡಿದ್ದಾಳೆ, ಮಲಗಿದ್ದಾಳೆ, ಕೂಡಿಡುತ್ತಿದ್ದಾಳೆ. ಗಂಡನನ್ನು ಬೈಯುತ್ತ ಬೈಯುತ್ತ ನಾನೂ ಅದನ್ನೇ ಮಾಡುತ್ತ ಬಂದಿದ್ದೆನಲ್ಲ!

ಮೊದಲು ಎದ್ದವಳು ರುಕ್ಮವ್ವಕ್ಕ. ಅವಳಿಗೆ ವಿಮಾನವೂ ಗೊತ್ತಿಲ್ಲ, ತಾಸಿನ ಲೆಕ್ಕವೂ ಗೊತ್ತಿಲ್ಲ. ಒಳಗೆ ಹೋದಳು; ಜೋಳದ ಡಬ್ಬಿಯ ಮುಚ್ಚಳ ತೆಗೆದ ಸಪ್ಪಳವಾಯಿತು; ಅರಿವೆಯ ಗಂಟು ತಂದು ಆಮ್ರಪಾಲಿಯ ಉಡಿಯಲ್ಲಿ ಇಟ್ಟಳು.

"ಹೋತ ಮಾರಿದ ರೊಕ್ಕ. ಇವನ ಕಣ್ಣು ಕಿವಿ ತೋರಸಾಕ ಹೋಗೂದಿತ್ತಲ್ಲ, ಪೈಲಟ್ ಆಗಾಕ ಮೊದಲ ಅದನ್ನ ಮಾಡಸಬೇಕಂತ, ಅದಕ್ಕಂತ ಇಟ್ಟಿದ್ದೆ. ತಗೋ ಯವ್ವಾ. ತಿರುಗಿ ಕೊಡಾಕ ಅವಸರ ಮಾಡಬ್ಯಾಡ."

ಆಮ್ರಪಾಲಿ ಬೇಡವೆನ್ನಲಿಲ್ಲ. ಗಂಟಿನ ಮೇಲೆ ಕೈಯಿಟ್ಟುಕೊಂಡು ಅತ್ತಳು.

ಭಾವನವರು ತಮ್ಮನ ಕಡೆ ತಿರುಗಿದರು. "ಧರ್ಮಾ, ನಿನಗ ಗೊತ್ತಿತ್ತೇನೋ?"

ಇವರು ಇಲ್ಲವೆಂದು ತಲೆಯಾಡಿಸಿದರು. ಇಷ್ಟು ಹೊತ್ತು ಇವರ ಮೇಲಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಇವರು ಸುಳ್ಳು ಹೇಳಿರಲಿಲ್ಲ. ಆ ಐದು ಲಕ್ಷವನ್ನು ತಾವೇ ಮೊದಲು ನಂಬಿದ್ದರು.

"ಕುನಾಲ, ಗೌಡ್ರಿಗೆ ಫೋನ್ ಹಚ್ಚು. ನಾಳೆ ಟಿಕೋಟಾಕ ಬರಂಗಿಲ್ಲ ಅಂತ ಹೇಳು" ಎಂದರು ಭಾವ. ಕುನಾಲ ಫೋನ್ ಅಪ್ಪನ ಮುಂದಿಟ್ಟು ಹೊರಗೆ ಹೋದ. ಕೊನೆಗೆ ಭಾವನವರೇ ಮಾತಾಡಿದರು. ಆ ಕಡೆಯಿಂದ ಬಸಗೊಂಡಪ್ಪನವರು ಏನೋ ಅಂದರು. ಭಾವನವರು "ಹೌದ್ರಿ, ಇಲ್ಲರಿ, ಮನಸ್ಸ ಬದಲಿ ಆತ್ರಿ" ಎಂದಷ್ಟೇ ಹೇಳಿ ಇಟ್ಟರು. ನಮ್ಮ ಸಾಲದ, ಕಂತಿನ ಮಾತು ಎತ್ತಿ ನಮ್ಮ ಮರ್ಯಾದೆ ತೆಗೆಯಲಿಲ್ಲ.

ನಾವು ಹೊರಡುವಾಗ ಕುನಾಲ ಟೆಂಪೊ ಹತ್ತಿರ ನಿಂತಿದ್ದ. "ಅಕ್ಕಾ, ಇದನ್ನ ನೀ ಮೊದಲ ಯಾಕ ಹೇಳಲಿಲ್ಲ?" ಎಂದ.

"ಹೇಳಿದ್ದೆ ಕುನಾಲ. ಯಾರೂ ಹೇಳಿದಷ್ಟ ಕೇಳಲಿಲ್ಲ."

ಅವನು ಇಸ್ತ್ರಿಯ ಅಂಗಿಯ ತೋಳು ಮೇಲೆ ಮಡಚುತ್ತ ಹೊಲದ ಕಡೆ ನಡೆದ. ಹೊಲ ಉಳಿಯಿತೆಂದು ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಟೆಂಪೊದ ಮುಂದಿನ ಸೀಟಿನಲ್ಲಿ ನಡುವೆ ಮಗಳು, ಅತ್ತ ಇತ್ತ ನಾವಿಬ್ಬರು. ಟಿಕೋಟಾ ಬಂತು, ಹೋಯಿತು. ಇವರು ಹಾರ್ನ್ ಕೂಡ ಬಾರಿಸಲಿಲ್ಲ. ಗುಡ್ಡದಂತೆ ಒಣದ್ರಾಕ್ಷಿ ಪೆಟ್ಟಿಗೆ ಹೇರಿಕೊಂಡ ಟೆಂಪೊ ಒಂದು ಎದುರಿಗೆ ಬಂತು. ಅದರ ಚಾಲಕ ದಾದಾಸಾಬ, ಇವರ ಚಹಾದಂಗಡಿಯ ಗೆಳೆಯ, ವೇಗ ಇಳಿಸಿ ಕೈಯೆತ್ತಿ ಕೂಗಿದ: "ಏನ್ ಧರ್ಮಣ್ಣಾ, ಕ್ಯಾಪ್ಟನ್ ಬಂದಾರಲ್ಲ!" ಇವರು ಕೈಯೆತ್ತಿ ಮುಂದೆ ಸಾಗಿದರು.

ಊರು ಹತ್ತಿರ ಬಂದಾಗ, ರಸ್ತೆ ನೋಡುತ್ತಲೇ ಕೇಳಿದರು. "ಎಷ್ಟ ಕೊಟ್ಟಾಳ ದೊಡ್ಡವ್ವ?"

ಆಮ್ರಪಾಲಿ ಗಂಟು ಬಿಚ್ಚಿ ಎಣಿಸಿದಳು. "ಇಪ್ಪತ್ನಾಲ್ಕ ಸಾವಿರ, ಅಪ್ಪಾ."

"ಇಪ್ಪತ್ನಾಲ್ಕ ಸಾವಿರ" ಎಂದರು ಇವರು. ನಾನು ಕಾದೆ. ಅದಕ್ಕೆ ಏನೂ ಕೂಡಿಸಲಿಲ್ಲ.