ಮಂಗಟ್ಟೆ ಮರದಡಿ ಹೆಣ್ಣು ನೋಡುವುದು

ಹೆಣ್ಣು ನೋಡುವ ಶಾಸ್ತ್ರಕ್ಕೆ ಜಗುಲಿ ಇದೆ, ಚಾಪೆ ಇದೆ, ತಟ್ಟೆ ತುಂಬ ಅವಲಕ್ಕಿ ಇದೆ. ಬೆಳ್ಳಂಬೆಳಗ್ಗೆ ಕದ್ರಾ ಕಾಡಿನಲ್ಲಿ ಹಕ್ಕಿ ನೋಡುತ್ತ ಹೆಣ್ಣು ನೋಡಿದ್ದನ್ನು ನಮ್ಮ ಯಾವ ಅಜ್ಜನೂ ಕಂಡವನಲ್ಲ. ಆದರೆ ನನ್ನ ಅಣ್ಣನ ಮಗಳು ಪ್ರಣತಿ ಹಟ ಹಿಡಿದಳೆಂದರೆ ಮುಗಿಯಿತು, ಬ್ರಹ್ಮ ಬಂದರೂ ಬಿಡಿಸಲಾರ.

ಅಣ್ಣ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಬೆಳೆದ ಹುಡುಗಿ. ಅಂಕೋಲೆಯ ಹೈಸ್ಕೂಲಿನಲ್ಲಿ ಟೀಚರು. ರವಿವಾರ ಬಂತೆಂದರೆ ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಹೊರಟುಬಿಡುತ್ತಾಳೆ. "ಒಂದು ಬೆಳಗ್ಗೆ ನನ್ನ ಸಂಗಡ ಸುಮ್ಮನೆ ನಡೆಯಲೆ ಬರದವನ ಸಂಗಡ ಜನ್ಮ ಹ್ಯಾಂಗೆ ಕಳೀಲಿ ಅಪ್ಪಚ್ಚಿ?" ಎಂದು ನನ್ನನ್ನೇ ಕೇಳುತ್ತಾಳೆ. ಹಿಂದಿನ ಹುಡುಗ ದಾರಿಯುದ್ದಕ್ಕೂ ತನ್ನ ಹೊಸ ಕಾರಿನ ಪುರಾಣ ಹೇಳಿ, ಕೊಕ್ಕರೆಗಳನ್ನೂ ಇವಳನ್ನೂ ಒಟ್ಟಿಗೇ ಓಡಿಸಿದ್ದ.

ಈ ಸಲದ ಹುಡುಗ ಸುಹಾಸ, ಕಾರವಾರದಲ್ಲಿ ದನದ ಡಾಕ್ಟರು. ಅವನ ಹತ್ತಿರ ಫೋನಿನಲ್ಲಿ ಮಾತಾಡಿ ಒಳಗೆ ಬಂದವಳ ಮುಖ ನೋಡಿಯೇ ನನಗೆ ತಿಳಿಯಿತು, ಮನಸ್ಸಾಗಿದೆ. "ಇದೂ ತಪ್ಪಿದ್ರೆ ಇನ್ನು ಹುಡುಗ್ರನ್ನ ಹುಡುಕದು ಬ್ಯಾಡ, ನಂಗೆ ಸಾಕಾತು" ಎಂದಳು.

ಹುಡುಗ, ಹುಡುಗಿ, ಸಂಗಡ ನನ್ನ ಹೆಂಡತಿ ವೇದಾವತಿ ಹೋಗುವುದೆಂದು ಮಾತಾಗಿತ್ತು. ಹೊರಡುವ ಹೊತ್ತಿಗೆ ವೇದಾವತಿ ಲೆಕ್ಕ ಹಾಕಿ ಹಣೆ ಚಚ್ಚಿಕೊಂಡಳು. "ಮೂರು ಜನ ಹೋದ್ರೆ ಕಾರ್ಯ ಆಗ್ತಿಲ್ಲೆ! ನೀವೂ ಹೊರಡಿ. ಆದ್ರೆ ಬಾಯಿ ಮನೇಲಿಟ್ಟು ಬನ್ನಿ."

ನಾನು ಪುರೋಹಿತ. ನಾನು ಮಂತ್ರ ಹೇಳಿದರೆ ಬಸ್ ಸ್ಟ್ಯಾಂಡಿನವರೂ ಕೈ ಮುಗಿಯುತ್ತಾರೆ. ಅಂಥವನಿಗೆ ಬಾಯಿ ಮುಚ್ಚು ಎಂದರೆ! ಸಿಟ್ಟು ಬಂದರೂ ಪೂಜೆಯ ಮಡಿಶಾಲು ಹೊದ್ದಿದ್ದ ಹಾಗೆಯೇ ಹೊರಟೆ. ಬಾಳೆಗುಳಿ ಕ್ರಾಸಿನಲ್ಲಿ ಸುಹಾಸ ನಮ್ಮನ್ನು ಕಾರಿಗೆ ಹತ್ತಿಸಿಕೊಂಡ.

ಕದ್ರಾದಲ್ಲಿ ಇಳಿದ ಮೇಲೆ ಶುರುವಾಯಿತು ನೋಡಿ, ಅದೂ ಒಂದು ನಡಿಗೆಯೇ! ಕಾಜಾಣ ಕಂಡರೆ ನಿಲ್ಲು, ಪಿಕಳಾರ ಕಂಡರೆ ನಿಲ್ಲು. ನಮ್ಮೂರ ಲೋಕಲ್ ಬಸ್ಸೂ ಇಷ್ಟು ಕಡೆ ನಿಲ್ಲುವುದಿಲ್ಲ. ಸುಹಾಸ ಮಾತ್ರ ಕೈ ಹಿಂದೆ ಕಟ್ಟಿಕೊಂಡು, ಅವಳು ನಿಂತಲ್ಲಿ ನಿಂತು, ನಡೆದಲ್ಲಿ ನಡೆದ. ಭಲೇ ಎಂದುಕೊಂಡೆ, ಮನಸ್ಸಿನಲ್ಲೇ.

ಕೊನೆಗೆ ಒಂದು ದೊಡ್ಡ ಮರದ ಎದುರು ನಿಲ್ಲಿಸಿದಳು. ಅದರ ಪೊಟರೆಯೊಳಗೆ ಮಂಗಟ್ಟೆ ಹಕ್ಕಿಯ ಹೆಣ್ಣು ಬಾಗಿಲು ಮೆತ್ತಿಕೊಂಡು ಕಾವಿಗೆ ಕೂತಿದೆಯಂತೆ. ಗಂಡು ಹಣ್ಣು ತಂದು ಸಂದಿಯಿಂದ ಕೊಡುತ್ತದಂತೆ. "ಸದ್ದಾದ್ರೆ ಗಂಡು ಬತ್ತಿಲ್ಲೆ" ಎಂದು ಪಿಸುಗುಟ್ಟಿ ನನ್ನನ್ನೇ ನೋಡಿದಳು.

ಸೆಕೆಯಾಗಿ ಶಾಲು ತೆಗೆದೆ. ಮಡಿಶಾಲನ್ನು ನೆಲಕ್ಕೆ ಇಡಲಾದೀತೇ? ಪಕ್ಕದ ಮಾವಿನ ಕೊಂಬೆಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಪ್ರಣತಿ ಮುಂದೆ ಬರಲು ಸನ್ನೆ ಮಾಡಿದಳು, ಶಾಲು ಎಳೆದು ಹೆಗಲಿಗೇರಿಸಿ ಹೋದೆ. ಕೊಂಬೆಯಲ್ಲಿ ಚಗಳಿ ಗೂಡಿತ್ತು!

ಅಯ್ಯೋ ಶಿವನೇ, ಆ ಕೆಂಪಿರುವೆ ಕಚ್ಚಿಸಿಕೊಂಡವರಿಗೇ ಗೊತ್ತು. ಕುತ್ತಿಗೆ, ಬೆನ್ನು, ಕಂಕುಳು, ಒಂದು ಕಡೆ ಬಿಡಲಿಲ್ಲ. ಗಂಟಲಿಗೆ ಬಂದ ಕೂಗನ್ನು ಹಲ್ಲು ಕಚ್ಚಿ ತಡೆದೆ. ಕೂಗಿದರೆ ಹಕ್ಕಿ ಹೋಯಿತು, ಹಕ್ಕಿ ಹೋದರೆ ಹುಡುಗಿಯ ಬೆಳಗು ಹಾಳು. ಅಷ್ಟರಲ್ಲಿ ತಿದಿ ಊದಿದ ಹಾಗೆ ರೆಕ್ಕೆಯ ಸದ್ದು ಹತ್ತಿರವಾಯಿತು.

ನನ್ನ ಬೆನ್ನ ಮೇಲೆ ಒಂದು ಕೈ ಬಂತು. ಸುಹಾಸ! ಸೂಜಿಗೆ ಹೆದರಿದ ಎಮ್ಮೆಯನ್ನು ಸಮಾಧಾನ ಮಾಡುವ ಹಾಗೆ ಮೆಲ್ಲಗೆ ಒತ್ತಿ ಹಿಡಿದು, ಶಾಲು ತೆಗೆದು, ಚಗಳಿಗಳನ್ನು ಒಂದೊಂದಾಗಿ ಕೀಳತೊಡಗಿದ. ಅವು ಅವನ ಬೆರಳನ್ನೂ ಕಚ್ಚಿದವು. ಹುಡುಗ ಉಸಿರೆತ್ತಲಿಲ್ಲ. ಎದುರಿನ ಮರದಲ್ಲಿ ಆ ಭಾರಿ ಹಕ್ಕಿ ಕೂತು, ಹಣ್ಣು ಕೊಟ್ಟು, ಹಾರಿಯೂ ಹೋಯಿತು. ಅವನು ತಲೆ ಎತ್ತಲಿಲ್ಲ.

"ಅಯ್ಯಯ್ಯಪ್ಪೋ!" ಎಂದು ಆಗ ಕೂಗಿದೆ ನೋಡಿ, ಕಾಡೇ ಮಾರ್ದನಿಸಿತು.

"ಹಕ್ಕಿ ಎಷ್ಟು ಚೊಲೋ ಇತ್ತಲ್ದಾ?" ಎಂದು ವೇದಾವತಿ ಸುಹಾಸನನ್ನು ಕೇಳಿದಳು.

"ನಾ ನೋಡಿದ್ನಿಲ್ಲೆ" ಎಂದ ಪುಣ್ಯಾತ್ಮ. ಒಂದು ಸುಳ್ಳು ಹೇಳಬಾರದಿತ್ತೇ? ಎಲ್ಲಾ ಕೆಟ್ಟಿತು ಎಂದು ಪ್ರಣತಿಯ ಕಡೆ ತಿರುಗಿದೆ.

ದುರ್ಬೀನು ಅವಳ ಎದೆಯ ಮೇಲೇ ಜೋತಾಡುತ್ತಿತ್ತು. ಅವಳು ಬಾತುಕೊಂಡ ಅವನ ಬೆರಳುಗಳನ್ನೇ ನೋಡುತ್ತಿದ್ದಳು.

"ನಾನೂ ನೋಡಿದ್ನಿಲ್ಲೆ" ಎಂದಳು. ಆಮೇಲೆ ನಮ್ಮಿಬ್ಬರನ್ನೂ ಮರೆತವಳಂತೆ ಅವನನ್ನು ಕೇಳಿದಳು: "ಮುಂದಿನ ರವಿವಾರ ಬಿಡುವಿದ್ದಾ?"

ನನ್ನ ಕಣ್ಣು ತುಂಬಿ ಬಂತು. ಚಗಳಿಯ ಉರಿಗೆ ಅಂದುಕೊಂಡು ವೇದಾವತಿ ಸೆರಗಿನಿಂದ ಗಾಳಿ ಹಾಕಿದಳು. ನಾನು ಬಾಯಿ ಬಿಡಲಿಲ್ಲ.