ಮೂರನೆಯ ಲೋಟ

ಎರಡನೆಯ ಬಾಟಲಿ ಅರ್ಧ ಖಾಲಿಯಾಗುವಷ್ಟರಲ್ಲಿ ಹೊಟ್ಟೆಯೊಳಗೆ ಕುಲುಕಾಟ ಶುರುವಾಯಿತು. ಹಾಗಾದರೆ ಇದೂ ಅಲ್ಲ. ಅವನು ಓಟ ನಿಲ್ಲಿಸದೆಯೇ ಮುಚ್ಚಳ ತಿರುಪಿದ. ಇಪ್ಪತ್ತೆರಡನೆಯ ಕಿಲೋಮೀಟರು. ಬೀದಿದೀಪಗಳು ಆಗತಾನೆ ಆರಿದ್ದವು.

ನಾಲ್ಕು ವಾರಕ್ಕೆ ಮ್ಯಾರಥಾನ್. ಓಟದ ದಿನ ಹೊಸದೇನನ್ನೂ ಬಾಯಿಗೆ ಹಾಕಬಾರದು ಎಂಬುದು ಅಣ್ಣನ ಕಟ್ಟಪ್ಪಣೆ. ಯಾವ ಸ್ಪೋರ್ಟ್ಸ್ ಡ್ರಿಂಕ್ ಎಂಬುದು ಇವತ್ತೇ ತೀರ್ಮಾನವಾಗಬೇಕು. ಆಮೇಲೆ ಹೊಟ್ಟೆಗೆ ಅದೊಂದನ್ನೇ ರೂಢಿ ಮಾಡಿಸಬೇಕು. ಇವತ್ತೇ ತೀರ್ಮಾನವಾಗಬೇಕಾದದ್ದು ಇನ್ನೊಂದೂ ಇತ್ತು. ಅದರ ಗಡುವು ಸಂಜೆ ಐದು. ಆಸ್ಪತ್ರೆಯ ಒಪ್ಪಿಗೆ ಫಾರಂ ಅವನ ಆಫೀಸು ಚೀಲದಲ್ಲಿ, ಮಡಿಸಿದ ಟವೆಲಿನ ಕೆಳಗೆ, ಹನ್ನೊಂದು ದಿನದಿಂದ ಮಲಗಿತ್ತು. ಸಹಿಯ ಜಾಗ ಖಾಲಿ.

ಅಣ್ಣನ ಎರಡೂ ಮೂತ್ರಪಿಂಡಗಳು ಕೈಕೊಟ್ಟು ಎರಡು ವರ್ಷ. ತಮ್ಮನದು ಹೊಂದುತ್ತದೆ ಎಂಬ ವರದಿ ಬಂದು ಹದಿನಾಲ್ಕು ತಿಂಗಳು. ಆ ವರದಿ ಬಂದ ವಾರವೇ ಅವನು ಓಡುವ ಬೂಟು ಕೊಂಡಿದ್ದ. ಅಲ್ಲಿಯವರೆಗೆ ಬಸ್ಸು ಹಿಡಿಯಲು ಕೂಡ ಓಡಿದವನಲ್ಲ. ಮೈ ಗಟ್ಟಿ ಮಾಡಿಕೊಂಡು ಕೊಡುತ್ತೇನೆ ಎಂದಿದ್ದ, ಎಲ್ಲರೂ ತಲೆದೂಗಿದ್ದರು. ಆಮೇಲೆ ಹತ್ತು ಕಿಲೋಮೀಟರಿನ ಓಟ ಮುಗಿಯಲಿ ಎಂದ. ಆಮೇಲೆ ಇಪ್ಪತ್ತೊಂದು. ಈಗ ನಲವತ್ತೆರಡು. ಕಾಲಿಗೆ ಬುದ್ಧಿ ಹೇಳುವುದೆಂದರೆ ಇದೇ ಇರಬೇಕು ಎಂದು ಅವನಿಗೆ ಎಷ್ಟೋ ಸಲ ಅನಿಸಿದೆ, ಅದೂ ಓಡುವಾಗಲೇ.

ನಡುಮನೆಯಲ್ಲಿ ತೂಕದ ಯಂತ್ರ ಬಾಗಿಲ ಪಕ್ಕದಲ್ಲೇ ಇರುತ್ತದೆ. ಅದು ಇಬ್ಬರದು. ಓಡಿದ ಮೇಲೆ ಅವನ ಮೈಯಿಂದ ಎಷ್ಟು ನೀರು ಹೋಯಿತು ಎಂದು ನೋಡಬೇಕು; ಒಂದು ಡಯಾಲಿಸಿಸ್‌ಗೂ ಇನ್ನೊಂದಕ್ಕೂ ನಡುವೆ ಅಣ್ಣನ ಮೈಯಲ್ಲಿ ಎಷ್ಟು ನೀರು ನಿಂತಿತು ಎಂದು. ಅತ್ತಿಗೆ ಎರಡನ್ನೂ ಕ್ಯಾಲೆಂಡರಿನ ಒಂದೇ ಚೌಕದಲ್ಲಿ ಬರೆಯುತ್ತಾಳೆ.

ಅಣ್ಣ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವನು. ಸ್ಕೂಲು ಬಿಟ್ಟರೂ ಸ್ಟಾಪ್‌ವಾಚು ಕೊರಳು ಬಿಟ್ಟಿರಲಿಲ್ಲ. ತಮ್ಮ ಹೊಸ್ತಿಲು ದಾಟಿದ ಕೂಡಲೇ ಗುಂಡಿ ಒತ್ತಿದ.

“ಆರು ನಿಮಿಷ ಜಾಸ್ತಿ ತಗೊಂಡಿದೀಯ.”

“ಹೊಟ್ಟೆ ಕುಲುಕ್ತು.”

“ಯಾವ್ದು?”

“ಎರಡನೇದು. ನಿಂಬೆದು.”

“ಸಕ್ಕರೆ ಜಾಸ್ತಿ ಅದ್ರಲ್ಲಿ, ಹೇಳಿದ್ದೆ. ಬಾಯಾರೋಕೆ ಮುಂಚೆ ಕುಡಿದ್ಯಾ?”

“ಕುಡಿದೆ.”

“ಬಾಯಾರಿದ ಮೇಲೆ ಕುಡಿದ್ರೆ ಉಪಯೋಗ ಇಲ್ಲ ಕಣೋ.”

ಇದನ್ನು ಹೇಳುವ ತುಟಿ ಒಣಗಿ ಬಿರಿದಿತ್ತು. ಅಣ್ಣನಿಗೆ ದಿನಕ್ಕೆ ಮುಕ್ಕಾಲು ಲೀಟರು ನೀರು, ಅಷ್ಟೇ. ಅತ್ತಿಗೆ ಬೆಳಿಗ್ಗೆಯೇ ಬಾಟಲಿಗೆ ತುಂಬಿ ಹೊರಗಿನಿಂದ ಗೆರೆ ಎಳೆದಿಡುತ್ತಾಳೆ: ಮಾತ್ರೆಗೆ ಇಷ್ಟು, ಊಟಕ್ಕೆ ಇಷ್ಟು, ಮಧ್ಯಾಹ್ನಕ್ಕೆ ಇಷ್ಟು. ಅದೇ ಮೇಜಿನ ಮೇಲೆ ತಮ್ಮನ ಬಾಟಲಿಗಳು, ಕ್ಲಾಸಿನ ಫೋಟೋಕ್ಕೆ ನಿಂತ ಮಕ್ಕಳ ಹಾಗೆ ಸಾಲಾಗಿದ್ದವು. ಒಂದನೆಯದು ಕಿತ್ತಳೆ, ಎರಡನೆಯದು ನಿಂಬೆ, ಮೂರನೆಯದು ಬೂದು ಬಣ್ಣದ ಪುಡಿ ಕಲಸಿದ್ದು, ನಾಲ್ಕನೆಯದು ಮನೆಯದೇ ಉಪ್ಪು ಸಕ್ಕರೆಯ ನೀರು.

ಅವನು ತೂಕದ ಯಂತ್ರ ಹತ್ತಿದ. ಅತ್ತಿಗೆ ಪೆನ್ಸಿಲು ಹಿಡಿದು ಬಗ್ಗಿದಳು.

“ಒಂದು ಕೆಜಿ ಎಂಟುನೂರು ಕಮ್ಮಿ. ನಿಮ್ಮಣ್ಣಂಗೆ ಒಂದು ಕೆಜಿ ಎಂಟುನೂರು ಜಾಸ್ತಿ.”

“ಸರಿಹೋಯ್ತು ಬಿಡು,” ಎಂದ ಅಣ್ಣ. “ಮನೇ ನೀರು ಮನೇಲೇ ಇದೆ.”

ಅವನು ನಕ್ಕ. ಅಣ್ಣನೂ ನಕ್ಕ. ಅತ್ತಿಗೆ ಮಾತ್ರ ಚೌಕದೊಳಗೆ ಅಂಕಿಗಳನ್ನು ಒತ್ತಿ ಒತ್ತಿ ಬರೆದಳು.

“ಇವತ್ತು ಐದು ಗಂಟೆಗೆ ಅಲ್ವಾ?” ಎಂದಳು.

“ಏನು?”

“ಏನಿಲ್ಲ. ನೀನು ಬರೋದು.”

“ನಾಲ್ಕೂವರೆಗೇ ಬರ್ತೀನಿ ಅತ್ತಿಗೆ.”

“ಸರಿ.”

ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಅವನು ಬಹಳ ಹೊತ್ತು ತಲೆ ಒಡ್ಡಿ ನಿಂತ. ಹದಿನಾಲ್ಕು ತಿಂಗಳಲ್ಲಿ ಅಣ್ಣ ಒಮ್ಮೆಯೂ ಬಾಯಿ ಬಿಟ್ಟು ಕೇಳಿರಲಿಲ್ಲ. ಬೈದಿದ್ದರೆ, ಅತ್ತಿದ್ದರೆ, ಚಿಕ್ಕವನಿದ್ದಾಗ ಹೆಗಲ ಮೇಲೆ ಹೊತ್ತು ತಿರುಗಿದೆನೆಂದು ಹಂಗಿಸಿದ್ದರೆ, ಅವನೂ ಸಿಡಿದು ನಿಲ್ಲಬಹುದಿತ್ತು. ಅಣ್ಣ ಮಾಡಿದ್ದು ಇಷ್ಟೆ: ತಮ್ಮ ಓಡುತ್ತೇನೆ ಎಂದಾಗ ಹದಿನಾರು ವಾರದ ತರಬೇತಿಯ ಪಟ್ಟಿ ಬರೆದು ಗೋಡೆಗೆ ಅಂಟಿಸಿದ. ಅದು ಮುಗಿದಾಗ ಇನ್ನೊಂದು ಬರೆದ. ತನ್ನ ನೆಪಕ್ಕೇ ವೇಳಾಪಟ್ಟಿ ಹಾಕಿಕೊಟ್ಟವನ ಮೇಲೆ ಅವನಿಗೆ ಸಿಟ್ಟಿತ್ತು. ಆ ಸಿಟ್ಟಿನ ಬಗ್ಗೆ ನಾಚಿಕೆಯೂ ಇತ್ತು.

ಅವನು ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ರಸಾಯನ ವಿಜ್ಞಾನಿ. ಊರಿನ ನಲ್ಲಿಗಳಿಂದ ಬಂದ ಮಾದರಿಗಳನ್ನು ನೋಡಿ ‘ಕುಡಿಯಲು ಯೋಗ್ಯ’ ಎಂಬುದರ ಕೆಳಗೆ ಸಹಿ ಹಾಕಬೇಕು. ದಿನಕ್ಕೆ ನಲವತ್ತು ಸಹಿ. ಅಲ್ಲಿ ಅವನ ಕೈ ಎಂದೂ ತಡೆದಿಲ್ಲ.

ಊಟದ ಬಿಡುವಿನಲ್ಲಿ ಅವನು ತನ್ನ ನಾಲ್ಕು ಮಾದರಿಗಳನ್ನು ಒಂದೊಂದಾಗಿ ಜ್ವಾಲೆಗೆ ಬಿಟ್ಟ. ದ್ರವದ ಸಣ್ಣ ಹನಿಗಳು ಬೆಂಕಿಗೆ ಬಿದ್ದು ಸುಡುತ್ತವೆ. ಸೋಡಿಯಂ ಇದ್ದರೆ ಹಳದಿ, ಪೊಟ್ಯಾಸಿಯಂ ಇದ್ದರೆ ನಸುನೇರಳೆ. ಎಷ್ಟಿದೆ ಎಂದು ಯಂತ್ರ ಹೇಳುತ್ತದೆ. ಪಕ್ಕದ ಮೇಜಿನ ಮೇಡಂ ಡಬ್ಬಿಯ ಮುಚ್ಚಳ ತೆರೆಯುತ್ತಾ ಅವನನ್ನೇ ನೋಡುತ್ತಿದ್ದರು.

“ಒಂದು ಬಾಟ್ಲಿಗೆ ಇಷ್ಟೊಂದು ಮೀನಮೇಷ ಎಣಿಸ್ತೀರಲ್ಲ ಸರ್. ನೀರಿಗೆ ಉಪ್ಪು ಸಕ್ಕರೆ ಹಾಕ್ಕೊಂಡು ಕುಡೀಬಾರ್ದಾ?”

“ಅದು ನಾಲ್ಕನೇದು.”

“ಅದನ್ನೂ ಸುಟ್ರಾ!” ಎಂದು ನಕ್ಕರು. ಆಮೇಲೆ, “ನಿಮ್ಮಣ್ಣ ಹೇಗಿದಾರೆ?”

“ಇದಾರೆ.”

“ಕಿಡ್ನಿ ಸಿಕ್ತಾ?”

“ನೋಡ್ತಾ ಇದಾರೆ,” ಎಂದ. ಯಾರು ನೋಡುತ್ತಿದ್ದಾರೆ ಎಂದು ಅವರು ಕೇಳಲಿಲ್ಲ.

ಮೂರನೆಯದೇ ಗೆದ್ದಿತು. ಉಪ್ಪು ಸರಿ, ಸಕ್ಕರೆ ಸರಿ; ಹೋದ ಭಾನುವಾರ ಮೂವತ್ತು ಕಿಲೋಮೀಟರು ಓಡಿದಾಗ ಹೊಟ್ಟೆ ಒಂದು ಮಾತೂ ಆಡಿರಲಿಲ್ಲ. ಪೊಟ್ಯಾಸಿಯಂ ಮಾತ್ರ ಅಂಗಡಿಯ ಉಳಿದೆರಡರ ನಾಲ್ಕು ಪಟ್ಟು. ಅವನ ಮೈ ಅದನ್ನು ಬೆವರಿನಲ್ಲೋ ಮೂತ್ರದಲ್ಲೋ ಕಳೆಯುತ್ತದೆ. ಅಣ್ಣನ ಮೈ ಕಳೆಯಲಾರದು; ರಕ್ತದಲ್ಲಿ ಅದು ಹೆಚ್ಚಿದರೆ ಗುಂಡಿಗೆಯೇ ನಿಲ್ಲಬಹುದು. ಫ್ರಿಜ್ಜಿನ ಬಾಗಿಲಿಗೆ ಅತ್ತಿಗೆ ಅಂಟಿಸಿದ ಚೀಟಿಯಲ್ಲಿ ಆ ಹೆಸರಿನ ಕೆಳಗೆ ಕೆಂಪು ಗೆರೆ ಎರಡಿದ್ದವು.

ಎರಡೂ ಮುಕ್ಕಾಲಿಗೆ ಫೋನ್ ಬಂತು. ಆಸ್ಪತ್ರೆಯಲ್ಲಿ ದಾನಿಗಳ ಜೊತೆ ಮಾತಾಡುವ ಹೆಂಗಸು. ಅವನು ಎದ್ದು ಕಾರಿಡಾರಿಗೆ ಹೋದ.

“ಸರ್, ಐದಕ್ಕೆ ಕಿಡ್ನಿ ಕಸಿಯ ಸಮಿತಿಗೆ ದಾನಿಗಳ ಪಟ್ಟಿ ಹೋಗತ್ತೆ. ನಿಮ್ಮ ಫಾರಂ ಬಂದಿಲ್ಲ.”

“ಒಂದು ಮ್ಯಾರಥಾನ್ ಇದೆ. ಅದು ಮುಗಿದ ತಕ್ಷಣ...”

“ಗೊತ್ತು ಸರ್. ಈ ಸಲ ತಪ್ಪಿದ್ರೆ ಇನ್ನು ಮೂರು ತಿಂಗಳು. ನಿಮ್ಮಣ್ಣನ ಹಾರ್ಟು ಅಷ್ಟು ದಿನ ಕಾಯೋ ಹಾಗಿಲ್ಲ ಅಂತಿದಾರೆ ಡಾಕ್ಟ್ರು.”

ಅವನು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದ.

“ಇನ್ನೊಂದು ಮಾತು ಸರ್,” ಎಂದಿತು ದನಿ, ಈಗ ಸ್ವಲ್ಪ ತಗ್ಗಿ. “ಮನಸ್ಸಿಲ್ಲದೆ ಯಾರೂ ಕೊಡಬೇಕಾಗಿಲ್ಲ. ಹ್ಞೂ ಅಂದ್ರೆ ನಾಳೆ ಬೆಳಿಗ್ಗೆ ಕೊನೇ ರಕ್ತಪರೀಕ್ಷೆ. ಉಹ್ಞೂ ಅಂದ್ರೂ ಬನ್ನಿ. ಬಂದು ಸ್ವಲ್ಪ ಹೊತ್ತು ಕೂತಿದ್ದು ಹೋಗಿ. ಕೊನೇ ಪರೀಕ್ಷೆಯಲ್ಲಿ ದಾನಿ ಸರಿಹೋಗಲಿಲ್ಲ ಅಂತ ಮನೆಯವ್ರಿಗೆ ನಾವೇ ಹೇಳ್ತೀವಿ. ಕಾರಣ ಯಾರಿಗೂ ಗೊತ್ತಾಗಲ್ಲ. ಎಲ್ಲಾ ದಾನಿಗಳಿಗೂ ಈ ಸೌಕರ್ಯ ಇದೆ.”

“ಸೌಕರ್ಯ,” ಎಂದ ಅವನು.

“ಐದರೊಳಗೆ ಹೇಳಿ ಸರ್. ಇಲ್ಲಾಂದ್ರೆ ಹತ್ತು ನಿಮಿಷ ಮುಂಚೆ ನಾನೇ ಫೋನ್ ಮಾಡ್ತೀನಿ.”

ಫೋನ್ ಜೇಬಿಗೆ ಹಾಕಿದಾಗ ಮೈಯೆಲ್ಲ ಹಗುರಾಗಿತ್ತು. ಮೂವತ್ತು ಕಿಲೋಮೀಟರು ಓಡಿ ಬೂಟು ಬಿಚ್ಚಿದಾಗಲೂ ಅಷ್ಟು ಹಗುರಾಗಿರಲಿಲ್ಲ. ಅದೇ ಅವನನ್ನು ಹೆದರಿಸಿತು. ಅವನು ಹೆದರಿಕೆಯ ಬುಡ ಹುಡುಕಿದ. ಕತ್ತರಿಯದಲ್ಲ, ನೋವಿನದಲ್ಲ, ಒಂದೇ ಮೂತ್ರಪಿಂಡದಲ್ಲಿ ಜನ ಎಂಬತ್ತು ವರ್ಷ ಬದುಕುತ್ತಾರೆಂದು ಅವನು ಓದಿದ್ದ. ಎಷ್ಟು ಕೆದಕಿದರೂ ಒಳಗೆ ಕೊಡಬೇಕೆಂಬ ಆಸೆ ಮಾತ್ರ ಸಿಗಲಿಲ್ಲ. ಅಣ್ಣನೆಂದರೆ ತನಗೆ ಪ್ರಾಣ ಎಂದು ಅವನು ಇಷ್ಟು ವರ್ಷ ನಂಬಿದ್ದ. ಯಾರೂ ಅದನ್ನು ಪರೀಕ್ಷೆಗೆ ಕೇಳಿರಲಿಲ್ಲ.

ನಾಲ್ಕೂವರೆಗೆ ಮನೆ ಸೇರಿದ. ಅತ್ತಿಗೆ ಔಷಧಿ ಅಂಗಡಿಗೆ ಹೋಗಿದ್ದಳು. ಮನೆಯಲ್ಲಿ ಮಾತ್ರೆಗಳು ಬೇಕಾದಷ್ಟಿದ್ದವು. ಹೋದದ್ದು ಇಬ್ಬರನ್ನೇ ಬಿಡಲೆಂದು ಅವನಿಗೆ ತಿಳಿಯಿತು. ಅಣ್ಣ ಮೇಜಿನ ಮೇಲೆ ನಾಲ್ಕು ಗಾಜಿನ ಲೋಟಗಳನ್ನು ಇಟ್ಟು ನಾಲ್ಕು ಡ್ರಿಂಕುಗಳನ್ನೂ ಬಗ್ಗಿಸಿದ್ದ. ತೊಡೆಯ ಮೇಲೆ ಸ್ಟೀಲಿನ ಬೇಸಿನ್ನು.

“ಏನಿದು?”

“ನಿನ್ನ ನಾಲಗೆ ಓಡಿ ಓಡಿ ಸತ್ತುಹೋಗಿದೆ. ನಂದು ಎರಡು ವರ್ಷದಿಂದ ಉಪವಾಸ ಇದೆ, ಚುರುಕಾಗಿದೆ. ನಾನು ನೋಡಿ ಹೇಳ್ತೀನಿ.”

“ಅತ್ತಿಗೆ ಬೈತಾರೆ.”

“ನುಂಗಲ್ಲ ಕಣೋ. ಹತ್ತು ಸೆಕೆಂಡು ಬಾಯಲ್ಲಿಟ್ಕೊಂಡು ಉಗುಳಿಬಿಡ್ತೀನಿ. ಸ್ಕೂಲ್ ಮಕ್ಕಳಿಗೂ ಹಾಗೇ ಹೇಳ್ಕೊಡ್ತಿದ್ದೆ.”

“ಮೂರನೇದು ಬೇಡ. ಪೊಟ್ಯಾಸಿಯಂ ತುಂಬ ಇದೆ.”

“ನುಂಗಲ್ಲ ಅಂದ್ನಲ್ಲ.”

ಅಣ್ಣ ಸ್ಟಾಪ್‌ವಾಚು ಕೈಗೆ ತೆಗೆದುಕೊಂಡ. ಕಿತ್ತಳೆಯದನ್ನು ಬಾಯಿಗೆ ಸುರಿದುಕೊಂಡು ಗುಂಡಿ ಒತ್ತಿದ. ಹತ್ತಕ್ಕೆ ಸರಿಯಾಗಿ ಟಕ್ಕೆಂದಿತು. ಉಗುಳಿದ.

“ಕೆಮ್ಮಿನ ಔಷಧಿ,” ಎಂದ.

ನಿಂಬೆಯದಕ್ಕೆ ಕಣ್ಣು ಮುಚ್ಚಿದ. ಏಳನೆಯ ಸೆಕೆಂಡಿಗೆ ಗಂಟಲಿನ ಗಂಟು ಮೇಲೆದ್ದು, ಅಲ್ಲೇ ನಿಂತು, ಮತ್ತೆ ಕೆಳಗಿಳಿಯಿತು. ಟಕ್. ಉಗುಳಿದ. ತುಟಿಯ ಮೇಲೆ ಉಳಿದ ಹನಿಯನ್ನು ನೆಕ್ಕಲಿಲ್ಲ, ಟವೆಲಿನಿಂದ ಒರೆಸಿಕೊಂಡ. ಮೇಷ್ಟ್ರ ಶಿಸ್ತು ಎಂದರೆ ಅದು. ತಮ್ಮನಿಗೆ ನೋಡಲಾಗಲಿಲ್ಲ. ಗೋಡೆ ಗಡಿಯಾರದ ಕಡೆ ತಿರುಗಿದ. ಐದಕ್ಕೆ ಹನ್ನೆರಡು ನಿಮಿಷ.

ಅಣ್ಣ ಮೂರನೆಯ ಲೋಟ ಎತ್ತಿದ. ಈ ಸಲ ದೊಡ್ಡ ಗುಟುಕು, ಕೆನ್ನೆಗಳು ಉಬ್ಬಿದವು. ಗುಂಡಿ ಒತ್ತಿದ.

ಬಾಯಿ ತುಂಬಿರುವಾಗ ಹೇಳಿಬಿಡುವುದು ಸುಲಭ ಎಂದು ಅವನಿಗೆ ಅನಿಸಿತು. ಹತ್ತು ಸೆಕೆಂಡು ಅಣ್ಣ ಏನೂ ಕೇಳಲಾರ.

“ಆಸ್ಪತ್ರೆಯಿಂದ ಫೋನ್ ಬಂದಿತ್ತು,” ಎಂದ. “ಕೊನೇ ಪರೀಕ್ಷೆಯಲ್ಲಿ ನಂದು ಸರಿಹೋಗಲಿಲ್ಲವಂತೆ.”

ಹೇಳಿ ಮುಗಿಸಿದವನು ಅಣ್ಣನ ಮುಖ ತಪ್ಪಿಸಲು ಮೇಲೆ ನೋಡಿದ. ಗೋಡೆಯ ಮೇಲೆ ತರಬೇತಿಯ ಪಟ್ಟಿಯಿತ್ತು. ಇವತ್ತಿನ ಚೌಕದಲ್ಲಿ ಅಣ್ಣನ ದುಂಡು ಅಕ್ಷರ: ಇಪ್ಪತ್ತೆಂಟು ಕಿಲೋಮೀಟರು, ಡ್ರಿಂಕ್ ತೀರ್ಮಾನ. ನಾಳೆಯ ಚೌಕದಲ್ಲಿ: ಓಟ ಇಲ್ಲ, ವಿಶ್ರಾಂತಿ. ಅದರ ಕೆಳಗೆ ಸಣ್ಣದಾಗಿ, ಪೆನ್ಸಿಲಿನಲ್ಲಿ: ಬೆಳಿಗ್ಗೆ ರಕ್ತಪರೀಕ್ಷೆ, ಕೊನೆಯದು.

ಹದಿನಾರು ವಾರದ ಪಟ್ಟಿಯಲ್ಲಿ ಅಣ್ಣ ಕೇಳಿದ್ದು ಅದೊಂದೇ ಚೌಕ. ನಾಳೆ ಆಗಬೇಕಾದ ಪರೀಕ್ಷೆಯ ಫಲವನ್ನು ಅವನು ಇವತ್ತೇ ಹೇಳಿದ್ದ.

ಟಕ್ಕೆಂಬ ಸದ್ದು ಬರಲಿಲ್ಲ. ಹತ್ತು ಸೆಕೆಂಡು ಆಗಿಹೋಗಿತ್ತು. ಇಪ್ಪತ್ತಾಗಿರಬೇಕು. ಅಣ್ಣ ಉಬ್ಬಿದ ಕೆನ್ನೆಯಲ್ಲಿ ಅವನನ್ನೇ ನೋಡುತ್ತಿದ್ದ. ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಗೆರೆ ದಾಟುವ ಮುಂಚೆಯೇ ನಿಂತುಬಿಟ್ಟ ಹುಡುಗನನ್ನು ಮೇಷ್ಟ್ರು ನೋಡುವಂತೆ ನೋಡುತ್ತಿದ್ದ. ಗಂಟಲ ಗಂಟು ಅಲುಗಲಿಲ್ಲ.

“ಅಣ್ಣ, ಉಗುಳು,” ಎಂದ.

ಅಣ್ಣ ಬೇಸಿನ್ನು ಎತ್ತಲಿಲ್ಲ. ಎಡಗೈ ಮೇಲೆತ್ತಿ ಮೂರು ಬೆರಳು ತೋರಿಸಿದ. ಮೂರನೆಯದೇ ಸರಿ ಎಂದು. ಆಮೇಲೆ ಅದೇ ಕೈಯಿಂದ ಲೋಟದಲ್ಲಿ ಉಳಿದದ್ದನ್ನು ಮೇಜಿನ ಮೇಲೆ ತಮ್ಮನ ಕಡೆಗೆ ಮೆಲ್ಲಗೆ ತಳ್ಳಿದ.

ಅವನಿಗೆ ಹಿಂದೆಂದೂ ಆಗದಷ್ಟು ಬಾಯಾರಿತ್ತು. ಬೇಡ ಎನ್ನಬೇಕೆಂದುಕೊಂಡ. ಕೈ ಹೋಗಿ ಲೋಟ ಎತ್ತಿಕೊಂಡಿತು. ನಿಂತಲ್ಲೇ ಗಟಗಟನೆ ಕುಡಿದ, ತಳದಲ್ಲಿ ಕರಗದೆ ಉಳಿದ ಬೂದು ಪುಡಿಯ ತನಕ. ಹೊಟ್ಟೆಯಲ್ಲಿ ಒಂದಿಷ್ಟೂ ಕುಲುಕಾಟವಿಲ್ಲ. ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಖಾಲಿ ಲೋಟದ ಗಾಜಿನ ಆಚೆ ಅಣ್ಣ ಕಾಣುತ್ತಿದ್ದ. ಬಾಯಿ ತುಂಬ ನೀರು, ಕೈಯಲ್ಲಿ ಓಡುತ್ತಿರುವ ಗಡಿಯಾರ. ಇನ್ನೂ ಉಗುಳಿರಲಿಲ್ಲ.