ಕಲ್ಲನ್ನು ನೆಕ್ಕಿ ನೋಡುತ್ತಿದ್ದ ಮಿರೊಫೋರಾ

ಯಾವ ಕಲ್ಲನ್ನೇ ಆಗಲಿ, ನಾಲಿಗೆಯಿಂದ ಒಮ್ಮೆ ನೆಕ್ಕದೆ ಮಿರೊಫೋರಾ ಅದಕ್ಕೆ ಹೆಸರು ಹೇಳುತ್ತಿರಲಿಲ್ಲ. ಒದ್ದೆಯಾದ ಕಲ್ಲು ತನ್ನ ನಿಜವರ್ಣವನ್ನು ಬಿಟ್ಟುಕೊಡುತ್ತದೆ ಎಂಬುದು ಭೂವಿಜ್ಞಾನಿಗಳಿಗೆಲ್ಲ ಗೊತ್ತು. ಇವರು ಮಾತ್ರ ನೆಕ್ಕಿ, ಕಣ್ಣು ಮುಚ್ಚಿ, ಪ್ರಸಾದ ಸ್ವೀಕರಿಸಿದವರಂತೆ ಕ್ಷಣಕಾಲ ಸುಮ್ಮನೆ ನಿಲ್ಲುತ್ತಿದ್ದರು. ತೀರಿಹೋದ ಗಂಡನ ಉಣ್ಣೆಯ ಕೋಟಿನ ಬಲಜೇಬಿನಲ್ಲಿ ಸದಾ ಕಲ್ಲು ಹೊತ್ತು ಹೊತ್ತು, ಚರ್ಚಿಗೆ ಬರಿಗೈಯಲ್ಲಿ ಹೋಗುವಾಗಲೂ ಅವರ ನಡಿಗೆ ಬಲಕ್ಕೇ ವಾಲುತ್ತಿತ್ತು.

"ಟ್ರೂಡೋಸ್ ಬೆಟ್ಟ ಹತ್ತುತಾ ಇದೀವಿ ಅನ್ಕೋಬೇಡಪ್ಪಾ, ಭೂಮಿಯ ಹೊಟ್ಟೆಯೊಳಕ್ಕೆ ಇಳೀತಾ ಇದೀವಿ" ಎನ್ನುತ್ತಿದ್ದರು, ಅವರ ನಕಾಶೆಗಳನ್ನು ಬರೆಯುತ್ತಿದ್ದ ನನಗೆ. ತಪ್ಪಲಿನಲ್ಲಿರುವುದು ಒಂಬತ್ತು ಕೋಟಿ ವರ್ಷಗಳ ಹಿಂದೆ ಸಾಗರತಳದಲ್ಲಿ ದಿಂಬುದಿಂಬಾಗಿ ತಣಿದ ಲಾವಾ. ಶಿಖರದಲ್ಲಿರುವುದು ಅದಕ್ಕೂ ಮೈಲಿಗಟ್ಟಲೆ ಕೆಳಗಿದ್ದ ಶಿಲೆ. ಒಂದು ಭೂಫಲಕ ಇನ್ನೊಂದರ ಅಡಿಗೆ ನುಗ್ಗಿ ಮುಳುಗುವಾಗ ಬಿಟ್ಟ ನೀರು ಮೇಲಿನ ಶಿಲೆಯನ್ನು ನೆನೆಸಿ ಹಗುರವಾದ ಹಸಿರು ಸರ್ಪಶಿಲೆಯಾಗಿಸಿತು. ಅದು ಉಬ್ಬಿ, ಸಾಗರತಳವನ್ನೇ ಬೆನ್ನಮೇಲೆ ಹೊತ್ತು ಮೇಲೆದ್ದಿತು. "ಬೆಟ್ಟ ಎಬ್ಬಿಸಿದ್ದೂ ಅದೇ, ಊರು ಬೀಳಿಸೋದೂ ಅದೇ. ಮಳೆ ಬಿದ್ರೆ ಸೋಪು!"

ಆ ಸರ್ಪಶಿಲೆ ಎಲ್ಲಿ ಮುಗಿದು ಗಟ್ಟಿ ಕರಿಕಲ್ಲು ಎಲ್ಲಿ ಶುರುವಾಗುತ್ತದೆಂದು ತೋರಿಸುವ ನಕಾಶೆ ಅವರ ಜೀವಮಾನದ ಸಾಧನೆ. ಗೆರೆ ಗುರುತಿಸಿದವರು ಅವರು. ಕಚೇರಿಯಲ್ಲಿ ಕೂತು ಅದಕ್ಕೆ ಕಪ್ಪು ಶಾಯಿ ಹಚ್ಚಿದವನು ನಾನು. ಅದನ್ನು ನಂಬಿ ಒಂದು ಗುಡ್ಡದೂರಿನವರು ಕರಿಕಲ್ಲಿನ ಬದಿಗೆ ಶಾಲೆ ಕಟ್ಟಿಕೊಂಡರು. ನಕಾಶೆಗೆ ಚೌಕಟ್ಟು ಹಾಕಿಸಿ ಕಾಫಿ ಅಂಗಡಿಯ ಗೋಡೆಗೆ ನೇತುಹಾಕಿದರು.

ಅವರ ನಿವೃತ್ತಿಗೆ ಎರಡು ತಿಂಗಳಿರುವಾಗ, ಮಳೆ ಹಿಡಿದ ಒಂದು ಚಳಿಗಾಲದಲ್ಲಿ, ಶಾಲೆಯ ಗೋಡೆ ಅಂಗೈ ತೂರುವಷ್ಟು ಬಿರಿಯಿತು. "ಮಳೆಯ ತಲೆಗೆ ಕಟ್ಟಿ ವರದಿ ಬರೆದುಬಿಡಿ, ಮೇಡಮ್" ಎಂದರು ಮೇಲಧಿಕಾರಿ. ಮಿರೊಫೋರಾ ನನ್ನನ್ನು ಕರೆದುಕೊಂಡು ಬೆಟ್ಟಕ್ಕೆ ಹೊರಟರು. ಬಿರುಕಿನ ಬುಡದಲ್ಲಿ ಮೊಣಕೈ ಆಳ ಅಗೆಸಿ, ಸಿಕ್ಕ ಚೂರನ್ನು ನೆಕ್ಕಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಚೂರು ಹಸಿರಾಗಿತ್ತು.

ಕಾಫಿ ಅಂಗಡಿಯಲ್ಲಿ ಊರ ಮುಖ್ಯಸ್ಥ ಹಂಬಿಸ್ ಧೈರ್ಯವಾಗಿಯೇ ಇದ್ದ. "ಸಿಮೆಂಟು ಮೆತ್ತಿಸಿದ್ದೀನಿ, ಸೋಮವಾರ ಮಕ್ಕಳು ಬರ್ತವೆ. ನಿಮ್ಮ ನಕಾಶೇನೇ ಗಟ್ಟಿ ನೆಲ ಅಂತದಲ್ಲ!"

"ನಕಾಶೆ ತಪ್ಪು, ಹಂಬಿಸಣ್ಣ. ತಪ್ಪು ನಂದು. ಒಂದು ಮಗೂನೂ ಅದರೊಳಗೆ ಬಿಡಬೇಡ. ಅವತ್ತು ಆ ಇಳಿಜಾರಿನ ತುಂಬ ಕರಿಕಲ್ಲು ಕಂಡು, ಅಡಿಗೂ ಅದೇ ಅಂತ ನಂಬಿಬಿಟ್ಟೆ."

"ಅಯ್ಯೋ, ಅದು ದ್ರಾಕ್ಷಿ ತೋಟದ ಒಡ್ಡಿನ ಕಲ್ಲಲ್ವಾ! ನಮ್ಮಜ್ಜ ಹೊಳೆಯಿಂದ ಕತ್ತೆ ಮೇಲೆ ಹೇರ್ಕೊಂಡು ಬಂದಿದ್ದು. ಒಂದು ಮಾತು ಕೇಳಿದ್ರೆ ಹೇಳ್ತಿದ್ದೆನಲ್ಲ, ಮೇಡಮ್ಮಾ."

ಬೆಟ್ಟದ ಕಲ್ಲನ್ನೆಲ್ಲ ಮಾತಾಡಿಸಿದ ಹೆಂಗಸು ಊರಿನ ಒಬ್ಬ ಮನುಷ್ಯನನ್ನೂ ಮಾತಾಡಿಸಿರಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ. ಅವರು ಚೌಕಟ್ಟನ್ನು ಇಳಿಸಿ, ಗಾಜು ತೆಗೆದು, ಕೆಂಪು ಪೆನ್ಸಿಲಿನಿಂದ ಹೊಸ ಗೆರೆ ಎಳೆದರು. ಅದು ಶಾಲೆಯ ಮೇಲ್ಗಡೆಯಿಂದ ಹಾದುಹೋಯಿತು.

"ನನ್ನ ಮನೇನೂ ಜಾರೋ ಕಡೆಗೇ ಬಂತಾ?" ಎಂದ ಹಂಬಿಸ್.

"ಬಂತಪ್ಪಾ. ನಿನ್ನ ಮನೇನೂ."

ಅವನು ಗೆರೆಯ ಮೇಲೆ ಬೆರಳಿಟ್ಟು ತನ್ನ ಮನೆಯವರೆಗೂ ಎಳೆದ. ಆಮೇಲೆ ಒಳಕ್ಕೆ ಕೂಗಿದ: "ಮೇಡಮ್ಮಂಗೆ ಒಂದು ಕಾಫಿ. ಸಕ್ಕರೆ ಹಾಕು."

ಹಳೆಯ ಗೆರೆಯನ್ನು ಕೆರೆದು ತೆಗೆಯಲು ನಾನು ಬ್ಲೇಡು ತೆಗೆದಾಗ ಮಿರೊಫೋರಾ ಕೈ ಹಿಡಿದರು. "ಇರಲಿ ಬಿಡು. ಎಲ್ಲಿ ಎಡವಿದೆ ಅನ್ನೋದು ಮುಂದಿನವರಿಗೆ ಕಾಣಲಿ."

ಮಾರ್ಚಿನಲ್ಲಿ ಗುಡ್ಡ ಜಾರಿತು. ಬಾಗಿಲು ಹಾಕಿದ್ದ ಶಾಲೆಯೂ ಹಂಬಿಸನ ಬರಿದಾದ ಮನೆಯೂ ಹೊಳೆಗೆ ಬಿದ್ದವು. ಜನರಿಗೆ ಏನೂ ಆಗಲಿಲ್ಲ.

ಕೋಟಿ ವರ್ಷಗಳ ಲೆಕ್ಕದಲ್ಲಿ ಬದುಕುವ ಇಂಥವರಿಗೆ ನಮ್ಮ ಮಾನಾಪಮಾನಗಳು ತಾಗುವುದಿಲ್ಲವೆಂದು ನಾನು ಭಾವಿಸಿದ್ದೆ. ತಾಗುತ್ತವೆ, ನಮಗೆ ತಾಗುವಷ್ಟೇ. ಆ ನಕಾಶೆ ಈಗಲೂ ಅಂಗಡಿಯ ಗೋಡೆಯ ಮೇಲಿದೆ. ಅದರಲ್ಲಿ ನನ್ನ ಕಪ್ಪು ಗೆರೆ ನೇರವಾಗಿದೆ, ತಪ್ಪಾಗಿದೆ. ಅವರ ಕೆಂಪು ಗೆರೆ ಉದ್ದಕ್ಕೂ ನಡುಗಿದೆ, ಊರು ಅದರ ಮೇಲ್ಗಡೆ ಬದುಕಿದೆ.